ಸೊಟ್ಟ ಕಣ್ಣಿನ ಮೊಲಗಳು

ಸಿಟ್ಟು ನನಗೆ ಹೊಸದಲ್ಲ. ಅರ್ಧ ಆಯುಷ್ಯ ಚಪ್ಪಲಿ ಅಂಗಡಿಯಲ್ಲಿ ಮೊಣಕಾಲೂರಿ ಕಂಡಕಂಡವರ ಕಾಲಿಗೆ ಅಳತೆ ಹಿಡಿದವಳು ನಾನು. ಗಿರಾಕಿಯೇ ದೇವರು ಅಂತ ಮೊದಲು ಹೇಳಿದವರು ಯಾರೋ ಗೊತ್ತಿಲ್ಲ, ಆದರೆ ಅವರು ಒಬ್ಬ ಗಿರಾಕಿಯ ಹಿಮ್ಮಡಿಯನ್ನೂ ಮುಟ್ಟಿರಲಿಕ್ಕಿಲ್ಲ. ಅಂಗಡಿ ಬಿಟ್ಟು ಅಣ್ಣನ ಮನೆಯ ಹಿಂದಿನ ಕೋಣೆಗೆ ಬಂದು ಸೇರಿದ ಮೇಲೆ ಸಿಟ್ಟು ಕಡಿಮೆಯಾದೀತು ಅಂದುಕೊಂಡಿದ್ದೆ. ಆಗಲಿಲ್ಲ. ಈಗ ಅದು ನನ್ನ ಸಲುವಾಗಿ ಅಲ್ಲ, ನಮ್ಮ ಅತ್ತಿಗೆಯ ಸಲುವಾಗಿ ಬರುತ್ತದೆ, ಅಷ್ಟೇ.

ಅತ್ತಿಗೆಗೂ ಸಿಟ್ಟು ಬರುತ್ತದೆ. ನನ್ನ ಹಾಗೆ ಬಾಯಿ ಮಾಡುವುದಿಲ್ಲ. ತುಟಿ ಒಳಗೆ ಎಳೆದುಕೊಂಡು, ಸೂಜಿಗೆ ದಾರ ಪೋಣಿಸಿ ಕೂತುಬಿಡುತ್ತಾರೆ. ಆಗ ಅಣ್ಣ ಪೇಪರ್ ಮಡಚಿ ಸದ್ದಿಲ್ಲದೆ ಹೊರಗೆ ಹೋಗುತ್ತಾನೆ. ಜೀವಮಾನವೆಲ್ಲ ಬಸ್ಸು ಓಡಿಸಿದವನು, ಯಾವ ದಾರಿಯಲ್ಲಿ ಮುಂದೆ ಅಪಘಾತವಿದೆ ಅಂತ ಅವನಿಗೆ ತಿಳಿಯುತ್ತದೆ.

ಅತ್ತಿಗೆ ಮದುವೆಗೆ ಮೊದಲಿನಿಂದಲೂ ಕೋಟು ಹೊಲಿಯುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಹೊಲಿಯುವ ಕೆಲಸವಲ್ಲ, ರಿಪೇರಿಯದು. ದೊಡ್ಡ ಹಜಾರದ ತುಂಬ ಮಿಷನ್ನುಗಳು; ಕೊನೆಯಲ್ಲಿ ಕಿಟಕಿಯ ಪಕ್ಕ ಉದ್ದನೆಯ ಮೇಜು. ಮಿಷನ್ನು ಎಲ್ಲಾದರೂ ಹೊಲಿಗೆ ತಪ್ಪಿದರೆ, ದಾರ ತುಂಡಾದರೆ, ಬಟ್ಟೆ ಕಚ್ಚಿ ತೂತಾದರೆ ಆ ಕೋಟು ಈ ಮೇಜಿಗೆ ಬರುತ್ತಿತ್ತು. ಅದನ್ನು ಕೈಯಿಂದ ಸರಿಮಾಡಬೇಕು. ಮಿಷನ್ನಿನ ಹೊಲಿಗೆ ಎಲ್ಲಿ ಮುಗಿಯಿತು, ಕೈಯದು ಎಲ್ಲಿ ಶುರುವಾಯಿತು ಅಂತ ಯಾರಿಗೂ ಗೊತ್ತಾಗಬಾರದು. ಸೂಪರ್‌ವೈಸರ್ ಬಂದು ಕಣ್ಣು ಮುಚ್ಚಿ ಹೆಬ್ಬೆರಳನ್ನು ಹೊಲಿಗೆಯ ಮೇಲೆ ಎಳೆಯುತ್ತಿದ್ದನಂತೆ. ಬೆರಳು ಒಂದು ಕಡೆ ತಡೆದರೂ ಸರಿ, "ಕೈ ಕಾಣ್ತಿದೆ" ಅಂತ ಕೋಟನ್ನು ಮುಖದ ಮೇಲೆ ಎಸೆಯುತ್ತಿದ್ದ. ಅಲ್ಲಿ ಅದೇ ಬೈಗುಳ. ಮೊದಲ ಕೆಲವು ವರ್ಷ ಅತ್ತಿಗೆ ಅದನ್ನು ಕೇಳಿ ಕೇಳಿ ಶೌಚಾಲಯಕ್ಕೆ ಹೋಗಿ ಅತ್ತಿದ್ದಾರೆ. ಆಮೇಲೆ ಕೈ ಪಳಗಿತು. ಮತ್ತೆ ಒಂದು ದಿನವೂ ಆ ಮಾತು ಕೇಳಿಸಿಕೊಳ್ಳಲಿಲ್ಲ. ಅವರು ಸರಿಮಾಡಿದ ಕೋಟುಗಳು ಎಲ್ಲೆಲ್ಲಿಗೆ ಹೋದವೋ, ಯಾರ್‍ಯಾರು ತೊಟ್ಟರೋ. ತೊಟ್ಟವರಿಗೆ ಅದು ರಿಪೇರಿಯಾಗಿದ್ದು ಅಂತಲೂ ಗೊತ್ತಿರಲಿಲ್ಲ. ಗೊತ್ತಾಗದಂತೆ ಮಾಡುವುದಕ್ಕೇ ಸಂಬಳ.

ಕಾರ್ಖಾನೆ ಮುಚ್ಚಿತು. ಎಲ್ಲರನ್ನೂ ಒಂದೇ ದಿನ ಮನೆಗೆ ಕಳಿಸಿದರು. ಅತ್ತಿಗೆ ಒಂದು ಚೀಲದ ತುಂಬ ಕೋಟಿನ ಬಟ್ಟೆಯ ಚೂರು ಹೊತ್ತು ಬಂದರು. ಪಕ್ಕದ ಮನೆಯಲ್ಲಿ ಮಗು ಹುಟ್ಟಿದಾಗ ಆ ಚೂರುಗಳಲ್ಲೇ ಒಂದು ಮೊಲ ಹೊಲಿದರು. ಬೂದು ಬಣ್ಣದ ಮೈ, ಕಿವಿಯೊಳಗೆ ಹೂವಿನ ಬಟ್ಟೆ, ಕಪ್ಪು ದಾರದಲ್ಲಿ ತುಂಬಿದ ಎರಡು ಕಣ್ಣು. ಆ ಕಣ್ಣುಗಳನ್ನು ನೋಡಿದರೆ ಮೊಲ ಈಗಷ್ಟೇ ಏನೋ ಕೇಳಿಸಿಕೊಂಡಂತೆ ಇತ್ತು. ಅತ್ತಿಗೆಯ ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ಚೂಟಿ. ಅದರ ಫೋಟೋ ತೆಗೆದು ಆನ್‌ಲೈನಿನಲ್ಲಿ ಕರಕುಶಲ ವಸ್ತು ಮಾರುವ ಒಂದು ದೊಡ್ಡ ಮಳಿಗೆಯಲ್ಲಿ ಹಾಕಿದಳು. ಅಲ್ಲಿ ನಮ್ಮಂಥವರು ಸಾವಿರಾರು ಜನ, ಒಬ್ಬೊಬ್ಬರಿಗೂ ಒಂದೊಂದು ಪುಟ್ಟ ಅಂಗಡಿ. ನಮ್ಮದರ ಹೆಸರು 'ಅಮ್ಮನ ಕೈ'.

ಹೆಸರು ಓದಿದ ದಿನ ಅತ್ತಿಗೆ ಫೋನನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. "ಇದೇನೇ, ನನ್ನ ಕೈಗೆ ಬೋರ್ಡು ಹಾಕಿಬಿಟ್ಟೆ" ಅಂದರು. ನಾಚಿಕೆಪಟ್ಟಂತೆ ಅಂದರು, ಆದರೆ ನನಗೆ ಅವರ ಸಂತೋಷ ಕಾಣಿಸಿತು. ಯಾರಿಗೂ ಕಾಣದ ಹಾಗೆ ಕೆಲಸ ಮಾಡಿ ಮಾಡಿ ಸವೆದವರಿಗೆ ಇದು ನಾನು ಮಾಡಿದ್ದು ಅಂತ ಹೇಳಿಕೊಳ್ಳಲು ಸಿಕ್ಕ ಮೊದಲನೆಯ ಜಾಗ ಅದು.

ಮೊಲಗಳು ಹೋಗತೊಡಗಿದವು. ಮುಂದಿನ ಕೋಣೆ ಕಾರ್ಖಾನೆಯಾಯಿತು. ಊಟದ ಮೇಜಿನ ಮೇಲೆ ಕತ್ತರಿಸಿದ ಬಟ್ಟೆ, ಕುರ್ಚಿಯ ಮೇಲೆ ಹತ್ತಿಯ ಮೂಟೆ, ಕಿಟಕಿಯ ಕಟ್ಟೆಯ ಮೇಲೆ ಇನ್ನೂ ಕಣ್ಣು ಬರದ ಮೊಲಗಳ ಸಾಲು. ಊಟಕ್ಕೆ ನಾವು ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆವು. ಡಬ್ಬಿ ಕಟ್ಟುವುದು, ಟೇಪು ಸುತ್ತುವುದು, ವಿಳಾಸ ಬರೆಯುವುದು ನನ್ನ ಪಾಲು. ಅಣ್ಣ ಸ್ಕೂಟರಿಗೆ ಚೀಲ ಸಿಕ್ಕಿಸಿಕೊಂಡು ಪಾರ್ಸೆಲ್ ಆಫೀಸಿಗೆ ಹೋಗುತ್ತಿದ್ದ. "ಮೊದಲು ಮನುಷ್ಯರನ್ನ ಸಾಗಿಸ್ತಿದ್ದೆ, ಈಗ ಮೊಲ. ಇವು ನಿಲ್ಸಿ ನಿಲ್ಸಿ ಅನ್ನಲ್ಲ, ವಾಸಿ" ಅನ್ನುತ್ತಿದ್ದ.

ಹಾಗಿರುವಾಗ ಆ ರಿವ್ಯೂ ಬಂತು. ಮಗಳು ಕೆಲಸದಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಓದಿದಳು. ಒಂದೇ ಸ್ಟಾರು. "ಮೋಸ ಹೋಗಬೇಡಿ. ಇದು ಫ್ಯಾಕ್ಟರಿ ಮಾಲು. ಎರಡು ಕಣ್ಣೂ ಒಂದೇ ಥರ ಇವೆ, ಒಂದು ಹೊಲಿಗೆಯೂ ಆಚೀಚೆ ಇಲ್ಲ. ಕೈಯಲ್ಲಿ ಮಾಡಿದ್ದು ಹೀಗಿರುವುದಿಲ್ಲ."

"ಇನ್ನೊಂದು ಸಲ ಓದು" ಅಂದರು ಅತ್ತಿಗೆ.

ಅವಳು ಓದಿದಳು. ನನಗೆ ಪಿತ್ತ ನೆತ್ತಿಗೇರಿತು. "ಎರಡು ಕಣ್ಣು ಒಂದೇ ಥರ ಇದ್ರೆ ತಪ್ಪಾ? ಬರೆದವಳಿಗೆ ಒಂದು ಮುಂದೆ, ಒಂದು ಹಿಂದೆ ಇದೆಯಾ?" ಅಂತ ಕೂಗಿದೆ. ಅತ್ತಿಗೆ ತುಟಿ ಒಳಗೆ ಎಳೆದುಕೊಂಡು ದಾರ ಪೋಣಿಸಿದರು. ಅಣ್ಣ ಎದ್ದು ಹೊರಗೆ ಹೋದ.

ಒಬ್ಬರು ಅಂದಿದ್ದೇ ತಡ, ಇನ್ನಷ್ಟು ಜನ ಸೇರಿಕೊಂಡರು. ನಮಗೂ ಅನುಮಾನ ಇತ್ತು ಅಂದರು. ಅಗ್ಗದ ಮಾಲು ತಂದು ಅಮ್ಮನ ಹೆಸರಿನಲ್ಲಿ ಮಾರುತ್ತಿದ್ದಾರೆ ಅಂದರು. ನಂತರ ಆನ್‌ಲೈನ್ ಮಳಿಗೆಯವರದೇ ಸಂದೇಶ ಬಂತು. ನಿಮ್ಮ ವಸ್ತುಗಳು ಕೈಯಲ್ಲಿ ಮಾಡಿದವಲ್ಲ ಎಂಬ ದೂರು ಇದೆ, ಮಾಡುವುದನ್ನು ವಿಡಿಯೊ ಮಾಡಿ ಕಳಿಸಿ, ಇಲ್ಲವಾದರೆ ಅಂಗಡಿ ಮುಚ್ಚುತ್ತೇವೆ ಅಂತ.

ಕಳಿಸೋಣ, ಅದರಲ್ಲೇನು, ಅಂದರು ಅತ್ತಿಗೆ. ಮಗಳು ಫೋನನ್ನು ಲೋಟಗಳ ಮೇಲೆ ಆನಿಸಿ ನಿಲ್ಲಿಸಿದಳು. ಅತ್ತಿಗೆ ಒಂದು ಕಣ್ಣು ತುಂಬಿದರು. ಅವರು ಗುರುತು ಹಾಕಿಕೊಳ್ಳುವವರಲ್ಲ, ಅಳೆಯುವವರಲ್ಲ. ಸೂಜಿ ಮೇಲೆ ಕೆಳಗೆ ಹೋಗಿಬರುವುದು ನಮ್ಮ ಕಣ್ಣಿಗೆ ಸಿಕ್ಕುವುದೂ ಇಲ್ಲ, ಅಷ್ಟರಲ್ಲಿ ಕಣ್ಣು ಮೂಡಿರುತ್ತದೆ. ಕಳಿಸಿದೆವು. ಉತ್ತರ ಬಂತು: "ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ. ಆದರೆ ವಿಡಿಯೊದ ವೇಗವನ್ನು ಹೆಚ್ಚಿಸಿರುವಂತೆ ತೋರುತ್ತದೆ."

ಅವರ ತಲೆ! ಅರ್ಥವಾಗುತ್ತದಂತೆ! ಆ ಫೋನು ನನ್ನದಾಗಿದ್ದರೆ ಅವತ್ತೇ ಗೋಡೆಗೆ ಬಡಿದಿರುತ್ತಿದ್ದೆ.

"ಸ್ವಲ್ಪ ನಿಧಾನ ಮಾಡಮ್ಮ" ಅಂದಳು ಮಗಳು.

"ನಿಧಾನ ಮಾಡಿದ್ರೆ ದಾರ ಸಿಕ್ಕಾಗುತ್ತೆ ಕಣೇ. ಕೈ ನಿಂತ್ರೆ ಮುಂದೆಲ್ಲಿ ಚುಚ್ಚಬೇಕು ಅಂತ ಯೋಚನೆ ಬರುತ್ತೆ. ಯೋಚನೆ ಬಂದ್ರೆ ಕೆಟ್ಟಿತು."

ಕೊನೆಗೆ ಹತ್ತಿ ತುಂಬುವುದನ್ನು, ಕಿವಿ ಮಗುಚುವುದನ್ನು ತೋರಿಸಿ ಇನ್ನೊಂದು ವಿಡಿಯೊ ಕಳಿಸಿದೆವು. ಅದಕ್ಕೆ ಒಪ್ಪಿದರು. ಒಪ್ಪಿ, ಇನ್ನೊಂದೇ ಒಂದು ದೂರು ಬಂದರೂ ಅಂಗಡಿ ಮುಚ್ಚುತ್ತೇವೆ ಅಂತ ಬಾಲ ಸೇರಿಸಿದರು.

ಆ ರಾದ್ಧಾಂತದ ನಡುವೆಯೇ ಮಗಳು ಬಾಯಿಬಿಟ್ಟಳು. ತುಂಬ ಹೊತ್ತಿನಿಂದ ಹೇಳಲೋ ಬೇಡವೋ ಅಂತ ಲೋಟದ ಅಂಚು ತಿಕ್ಕುತ್ತಾ ಕೂತಿದ್ದಳು. "ಅಮ್ಮ, ಸ್ವಲ್ಪ ಸೊಟ್ಟ ಮಾಡು."

"ಏನು?"

"ಒಂದು ಕಣ್ಣು ಚೂರು ಕೆಳಗೆ. ಅಲ್ಲಲ್ಲಿ ಒಂದು ಹೊಲಿಗೆ ಉದ್ದ. ಜನಕ್ಕೆ ಅದೇ ಬೇಕು. ಕೈಯಲ್ಲಿ ಮಾಡಿದ್ದು ಅಂದ್ರೆ ಕೈಯಲ್ಲಿ ಮಾಡಿದ ಹಾಗೆ ಕಾಣಬೇಕು ಅವರಿಗೆ."

"ನಂದು ಕಾಲಲ್ಲಿ ಮಾಡಿದ ಹಾಗಿದೆಯಾ?"

"ಅಮ್ಮ, ಅರ್ಥ ಮಾಡ್ಕೋ..."

"ಅರ್ಥ ಆಗದೆ ಏನು? ನೆಟ್ಟಗೆ ಬರೋದಕ್ಕೆ ನಾನು ಎಷ್ಟು ಬೈಸಿಕೊಂಡಿದೀನಿ ಅಂತ ನಿಂಗೊತ್ತಾ? ನೀನು ಹೊಟ್ಟೇಲಿದ್ದಾಗ್ಲೂ ನಿಂತು ಬೈಸಿಕೊಂಡಿದೀನಿ. ಈಗ ನೀನು ಹೇಳ್ತೀಯ, ಬರದೇ ಇರೋರ ಥರ ಮಾಡು ಅಂತ."

ಮಗಳು ಕಣ್ಣಲ್ಲಿ ನೀರು ತಂದುಕೊಂಡು ಒಳಗೆ ಹೋದಳು. ನನಗೆ ಅವಳ ಮೇಲೂ ಸಿಟ್ಟು, ಅವಳು ಹೇಳಿದ್ದು ನಿಜವಾಗಿತ್ತಲ್ಲ ಅಂತ ಇನ್ನೂ ಸಿಟ್ಟು. ಆ ಭರದಲ್ಲಿ ನಾನೇ ಒಂದು ಬಟ್ಟೆ ಎಳೆದುಕೊಂಡೆ. "ಸೊಟ್ಟ ಬೇಕಾ ಇವರಿಗೆ? ತಗೊಳ್ಳಲಿ" ಅಂತ ಹೊಲಿಯುತ್ತಾ ಹೋದೆ. ಹೊಲಿಗೆಗೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ; ಗುಂಡಿ ಕಿತ್ತುಹೋದರೆ ಪಿನ್ನು ಹಾಕಿಕೊಳ್ಳುವವಳು ನಾನು. ಮೊಲದ ಒಂದು ಕಣ್ಣು ಹಣೆಗೆ ಹೋಯಿತು, ಇನ್ನೊಂದು ಕೆನ್ನೆಗೆ ಇಳಿಯಿತು. ಕಿವಿಯೊಂದು ಸವೆದ ಚಪ್ಪಲಿಯ ಹಾಗೆ ಜೋತುಬಿತ್ತು. ಅದನ್ನು ಎತ್ತಿ ಅತ್ತಿಗೆಯ ಮುಖದ ಮುಂದೆ ಕುಣಿಸಿದೆ. ಅವರು ತಡೆದುಕೊಳ್ಳಲು ನೋಡಿದರು, ಆಗದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ಮಗಳೂ ಬಂದು ನಕ್ಕಳು. ನಗುನಗುತ್ತಲೇ ಫೋಟೋ ತೆಗೆದಳು, ತಮಾಷೆಗೆ ಅಂತ ಅಂಗಡಿಗೆ ಹಾಕಿಯೂಬಿಟ್ಟಳು.

ಮಾರನೆಯ ದಿನ ಬೆಳಗಿನ ಕಾಫಿ ಮುಗಿಯುವುದರೊಳಗೆ ಅದು ಮಾರಿಹೋಗಿತ್ತು. ಕೊಂಡವರ ಕೈ ಸೇರಿದ ಮೇಲೆ ರಿವ್ಯೂ ಬಂತು, ಐದಕ್ಕೆ ಐದು ಸ್ಟಾರು. "ಇದರ ಒಂದೊಂದು ಹೊಲಿಗೆಯಲ್ಲೂ ಒಬ್ಬ ತಾಯಿಯ ಮಮತೆ ಕಾಣುತ್ತದೆ."

ಹೆತ್ತವಳೂ ಅಲ್ಲ, ಹೊತ್ತವಳೂ ಅಲ್ಲ, ಆ ಹೊಲಿಗೆಯಲ್ಲಿ ಇದ್ದದ್ದು ಬರೀ ನನ್ನ ಸಿಟ್ಟು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ತಿರುಗಿ ನೋಡಿದರೆ ಅತ್ತಿಗೆ ನಗುತ್ತಿರಲಿಲ್ಲ. ಫೋನು ಈಸಿಕೊಂಡು ಆ ಮಾತನ್ನು ತಾವೇ ಓದಿದರು, ಅಕ್ಷರಕ್ಕೆ ಬೆರಳಿಟ್ಟುಕೊಂಡು.

ಅಂಥದೇ ಬೇಕು ಅಂತ ಆರ್ಡರುಗಳು ಒಂದರ ಹಿಂದೊಂದು ಬಂದವು. "ಅತ್ತೆ, ನೀವೇ ಮಾಡಿಕೊಡಿ" ಅಂದಳು ಮಗಳು ನನ್ನನ್ನು.

"ಅಂಗಡಿ ಹೆಸರು ಅಮ್ಮನ ಕೈ ಅಂತ. ಅತ್ತೆ ಕೈ ಅಂತಲ್ಲ" ಅಂದೆ.

"ಬೇಡ" ಅಂದರು ಅತ್ತಿಗೆ. "ನನ್ನ ಹೆಸರಲ್ಲಿ ಹೋಗೋದು ನನ್ನ ಕೈಯಿಂದಲೇ ಹೋಗಲಿ. ಫೋಟೋ ತೋರಿಸು."

ನನ್ನ ಆ ದರಿದ್ರ ಮೊಲದ ಫೋಟೋವನ್ನು ಎದುರಿಗಿಟ್ಟುಕೊಂಡು ಅತ್ತಿಗೆ ಕೂತರು. ಹಣೆಗೂ ಕೆನ್ನೆಗೂ ಹೋಗುವಷ್ಟು ಅನ್ಯಾಯ ಅವರಿಂದ ಆಗುವುದಿಲ್ಲ. ಎಡಗಣ್ಣು ಅರ್ಧ ಬೆರಳು ಕೆಳಗೆ, ಬಲಗಿವಿ ಒಂದಿಷ್ಟು ವಾಲಿದ್ದು, ಕುತ್ತಿಗೆಯ ಹತ್ತಿರ ಮೂರು ಉದ್ದ ಹೊಲಿಗೆ, ಇಷ್ಟು ಅಂತ ಗೊತ್ತು ಮಾಡಿಕೊಂಡರು. ಚಾಕ್‌ಪೀಸಿನಲ್ಲಿ ಗುರುತು ಹಾಕಿದರು. ಎಂದೂ ಚಾಕ್‌ಪೀಸು ಹಿಡಿಯದವರು! ಮೊದಲನೆಯದಕ್ಕೆ ಇಡೀ ದಿನ ಹಿಡಿಯಿತು. ಕೈ ತಾನಾಗಿ ನೆಟ್ಟಗೆ ಹೋಗುತ್ತಿತ್ತು, ಇವರು ಹಿಡಿದು ಎಳೆಯುತ್ತಿದ್ದರು. ತಪ್ಪಿ ಸರಿಯಾಗಿ ಬಂದುಬಿಟ್ಟರೆ ಬಿಚ್ಚಿ ಮತ್ತೆ ತಪ್ಪಾಗಿ ಹೊಲಿಯುತ್ತಿದ್ದರು. ನೋಡುತ್ತಾ ಕೂರಲು ನನ್ನಿಂದಾಗದೆ ಎದ್ದು ಹೋಗಿ ಪಾತ್ರೆ ತಿಕ್ಕಿದೆ. ತಿಕ್ಕಿದ್ದನ್ನೇ ತಿಕ್ಕಿದೆ.

ಕೆಲವು ವಾರಗಳಲ್ಲಿ ಅದೂ ಪಳಗಿತು. ಚಾಕ್‌ಪೀಸು ಮೂಲೆ ಸೇರಿತು. ಕಿಟಕಿಯ ಕಟ್ಟೆಯ ಮೇಲೆ ಸೊಟ್ಟ ಮೊಲಗಳು ಸಾಲಾಗಿ ಕೂತವು. ನಾನು ಡಬ್ಬಿಗೆ ಹಾಕಿ ಹಾಕಿ ಕಳಿಸಿದೆ. ಸ್ಟಾರುಗಳು ಸುರಿದವು. ಮನೆಯಲ್ಲಿ ಮಾತು ಕಡಿಮೆಯಾಗಿತ್ತು, ಆದರೆ ಅಂಗಡಿ ಉಳಿಯಿತಲ್ಲ ಅಂತ ಎಲ್ಲರೂ ಉಸಿರು ಬಿಟ್ಟಿದ್ದೆವು.

ನಮ್ಮ ಬುದ್ಧಿಗೆ ಏನು ಹೇಳುವುದು. ಆ ಮೊಲಗಳೆಲ್ಲ ಒಂದೇ ಥರ ಸೊಟ್ಟ ಇದ್ದವು. ಎಡಗಣ್ಣು ಪ್ರತಿಯೊಂದರಲ್ಲೂ ಅಷ್ಟೇ ಕೆಳಗೆ, ಕಿವಿ ಅಷ್ಟೇ ವಾಲಿದ್ದು, ಕುತ್ತಿಗೆಯಲ್ಲಿ ಅದೇ ಮೂರು ಉದ್ದ ಹೊಲಿಗೆ. ಅತ್ತಿಗೆಯ ಕೈ ಇನ್ನೇನು ಮಾಡೀತು? ಅದಕ್ಕೆ ಬರುವುದು ಒಂದೇ, ತೋರಿಸಿದ್ದನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಮಾಡುವುದು. ಸೊಟ್ಟವನ್ನು ತೋರಿಸಿದೆವು, ಅದನ್ನೇ ಮಾಡಿತು. ನಾಲ್ಕು ಜನ ಮನೆಯಲ್ಲಿದ್ದೆವು, ಒಬ್ಬಳು ಹಗಲಿಡೀ ಕನ್ನಡಕದ ಅಂಗಡಿಯಲ್ಲಿ ಕೂರುವವಳು, ಒಬ್ಬರಿಗೂ ಕಾಣಲಿಲ್ಲ. ಒಂದರಂತೆ ಒಂದಿರುವುದೇ ಒಳ್ಳೆಯ ಕೆಲಸ ಅಂತ ನಂಬಿದ ಮನೆ ನಮ್ಮದು.

ಕಂಡಿದ್ದು ಅವಳಿ ಮಕ್ಕಳ ತಾಯಿಯೊಬ್ಬಳಿಗೆ. ಇಬ್ಬರಿಗೆ ಅಂತ ಎರಡು ತರಿಸಿದ್ದಳು. ಎರಡನ್ನೂ ಅಕ್ಕಪಕ್ಕ ಕೂರಿಸಿ ಫೋಟೋ ತೆಗೆದು, ಕಣ್ಣು ಕಿವಿ ಕುತ್ತಿಗೆಗೆಲ್ಲ ಕೆಂಪು ವೃತ್ತ ಹಾಕಿದ್ದಳು. "ಸೊಟ್ಟವನ್ನೂ ಅಚ್ಚು ಹಾಕಿ ತೆಗೆದಿದ್ದಾರೆ. ಅಮ್ಮನೂ ಇಲ್ಲ, ಕೈಯೂ ಇಲ್ಲ. ಜನರ ಭಾವನೆಯ ಜೊತೆ ಆಟ." ಅವತ್ತೇ ಮಧ್ಯಾಹ್ನ ಮಳಿಗೆಯವರು ಅಂಗಡಿಗೆ ಬೀಗ ಹಾಕಿದರು. ತೆರೆದರೆ ಒಂದು ಬೂದು ಬಣ್ಣದ ಪುಟ, ಈ ಅಂಗಡಿ ಲಭ್ಯವಿಲ್ಲ ಅಂತ.

"ಅಮ್ಮನೂ ಇಲ್ಲವಂತೆ" ಅಂದರು ಅತ್ತಿಗೆ. ಸೂಜಿ ತೆಗೆದುಕೊಳ್ಳಲಿಲ್ಲ. ನನ್ನ ಕಡೆ ತಿರುಗಿದರು. "ವಿಳಾಸ ಗೊತ್ತಾ ನಿಂಗೆ?"

ಡಬ್ಬಿಯ ಮೇಲೆ ಬರೆದವಳೇ ನಾನು. ಇದೇ ಊರು, ಆ ಕೊನೆ. "ಅಮ್ಮ, ಹಾಗೆಲ್ಲ ಗಿರಾಕಿ ಮನೆಗೆ ಹೋಗೋ ಹಾಗಿಲ್ಲ" ಅಂತ ಮಗಳು ಅಡ್ಡ ನಿಂತಳು. ಅತ್ತಿಗೆ ಅವಳನ್ನು ಪಕ್ಕಕ್ಕೆ ಸರಿಸಿ ಚಪ್ಪಲಿ ಮೆಟ್ಟಿದರು. ಕೈಚೀಲಕ್ಕೆ ಸೂಜಿ, ದಾರ, ಕತ್ತರಿ ಹಾಕಿಕೊಂಡದ್ದನ್ನು ನಾನು ನೋಡಿದೆ. ಜಗಳಕ್ಕೆ ಅವು ಯಾಕೆ ಅಂತ ಕೇಳಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಬೈಗುಳಗಳನ್ನು ಜೋಡಿಸಿಕೊಂಡು ಹೋದೆ. ಒಂದಕ್ಕಿಂತ ಒಂದು ಚೆನ್ನಾಗಿದ್ದವು.

ಎತ್ತರದ ಕಟ್ಟಡ, ಲಿಫ್ಟಿನಲ್ಲಿ ಹೋದೆವು. ಬಾಗಿಲು ತೆಗೆದವಳನ್ನು ನೋಡಿ ನನಗೆ ನಿರಾಸೆಯಾಯಿತು. ಜಂಭಗಾತಿಯೊಬ್ಬಳು ಸಿಗುತ್ತಾಳೆ ಅಂದುಕೊಂಡಿದ್ದೆ. ಇವಳು ತಲೆ ಬಾಚಿರಲಿಲ್ಲ, ಹೆಗಲ ಮೇಲೆ ಹಾಲು ಕಕ್ಕಿದ ಕಲೆ, ನಿದ್ದೆಯಿಲ್ಲದೆ ಊದಿದ ಕಣ್ಣು. ಅವಳ ಹಿಂದೆ ಚಾಪೆಯ ಮೇಲೆ ಎರಡು ಮಕ್ಕಳು. ಒಂದೊಂದರ ಬಾಯಲ್ಲೂ ಒಂದೊಂದು ಮೊಲದ ಕಿವಿ.

"ಮೋಸದ ಮಾಲು ಅಂತೀರ, ಮಕ್ಕಳ ಬಾಯಿಗೆ ಯಾಕೆ ಕೊಟ್ಟಿದೀರ?" ಅಂದೆ ನಾನು. ಜೋಡಿಸಿಕೊಂಡಿದ್ದರಲ್ಲಿ ಹೊರಗೆ ಬಂದದ್ದು ಅದೊಂದೇ.

"ನೀವು ಯಾರು?"

"ನಾನೇ ಅಮ್ಮ" ಅಂದರು ಅತ್ತಿಗೆ. "ಇಲ್ಲ ಅಂತ ಬರೆದಿದ್ರಲ್ಲ, ಆ ಅಮ್ಮ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅತ್ತಿಗೆ ಒಳಗೆ ಹೋಗಿ ಚಾಪೆಯ ಅಂಚಿಗೆ ಕೂತಾಗಿತ್ತು. ಒಂದು ಮಗುವಿನ ಕೈಯಿಂದ ಮೊಲವನ್ನು ಮೆಲ್ಲಗೆ ಬಿಡಿಸಿಕೊಂಡು, ಸೂಜಿ ಕತ್ತರಿ ಹೊರಗೆ ತೆಗೆದ ಕೈಚೀಲವನ್ನು ಬದಲಿಗೆ ಕೊಟ್ಟರು. ಕತ್ತರಿಯ ತುದಿಯಿಂದ ಆ ಕೆಳಗಿನ ಕಣ್ಣನ್ನು ಬಿಚ್ಚಿದರು. ದಾರ ಪೋಣಿಸಿ, ಅದು ಇರಬೇಕಾದ ಜಾಗದಲ್ಲಿ ತುಂಬತೊಡಗಿದರು. ಅವಳು ಇನ್ನೊಂದು ಮಗುವನ್ನು ಸೊಂಟಕ್ಕೆ ಎತ್ತಿಕೊಂಡು ಬಗ್ಗಿ ನೋಡಿದಳು. ನೋಡನೋಡುತ್ತಾ ಅವಳ ಬಾಯಿ ತೆರೆದುಕೊಂಡಿತು.

"ಅಯ್ಯೋ. ನಿಜವಾಗ್ಲೂ ನೀವೇ ಮಾಡೋದಾ? ಆಂಟಿ, ಸಾರಿ. ನಂಗೆ ಗೊತ್ತಿರಲಿಲ್ಲ." ಆಮೇಲೆ ತಡೆಯಲಾರದೆ ಕೇಳಿದಳು, "ಇಷ್ಟು ಚೆನ್ನಾಗಿ ಮಾಡೋಕೆ ಬರುತ್ತಲ್ಲ, ಮತ್ತೆ ಯಾಕೆ ಬೇಕಂತ ಸೊಟ್ಟ ಮಾಡಿದ್ರಿ?"

"ನೆಟ್ಟಗೆ ಮಾಡಿದ್ರೆ ಮಿಷನ್ ಅಂದ್ರಿ."

"ನಾನು ಹಾಗಂದಿಲ್ಲ."

"ನೀವಲ್ಲ. ನಿಮ್ಮಂಥೋರು." ಅತ್ತಿಗೆ ಸೂಜಿ ನಿಲ್ಲಿಸಲಿಲ್ಲ. "ನಿಮ್ಮನ್ನ ಬೈಯೋಣ ಅಂತಲೇ ಬಂದೆ. ಆದ್ರೆ ನೀವು ಬರೆದಿದ್ದು ಸರಿಯಾಗೇ ಇದೆ. ನೆಟ್ಟಗೆ ಮಾಡಿದಾಗ ನಾನು ಮೋಸ ಮಾಡಿರಲಿಲ್ಲ, ಆಗ ಮೋಸಗಾತಿ ಅಂದ್ರು. ಇದು ಮೋಸವೇ. ಬರೋದನ್ನ ಬರದ ಹಾಗೆ ಮಾಡಿ ಕಳಿಸಿದೆ. ಹೊಗಳಿ ಹೊಗಳಿ ತಗೊಂಡ್ರು."

ಬೈಯಬೇಕಾಗಿದ್ದವಳು ನಾನು ಮಗುವಿನ ಬಾಯಿಂದ ಕೈಚೀಲದ ಹಿಡಿ ಬಿಡಿಸಿದೆ. ಅತ್ತಿಗೆ ದಾರ ಕತ್ತರಿಸಿ, ಮೊಲವನ್ನು ತೋಳುದ್ದ ಹಿಡಿದು ನೋಡಿದರು.

ಕಣ್ಣು ಕೆಳಗಿತ್ತು. ಮೊದಲಿನಷ್ಟಲ್ಲ. ದಾರದ ದಪ್ಪದಷ್ಟು. ಇಷ್ಟು ವರ್ಷ ಜೊತೆಗಿದ್ದ ನನಗೆ ಕಂಡಿತು, ಅವರಿಗೆ ಕಾಣದಿದ್ದೀತೇ? ಬಿಚ್ಚಿದರು. ಮತ್ತೆ ತುಂಬಿದರು, ಈ ಸಲ ಉಸಿರು ಬಿಗಿಹಿಡಿದು. ಮತ್ತೆ ಹಿಡಿದು ನೋಡಿದರು. ಮತ್ತೆ ಅಷ್ಟೇ ಕೆಳಗೆ. ವಾರಗಟ್ಟಲೆ ಎಳೆದೆಳೆದು ಕಲಿಸಿದ್ದನ್ನು ಕೈ ಬಿಡಲು ಒಪ್ಪುತ್ತಿರಲಿಲ್ಲ. ಅತ್ತಿಗೆಯ ಮುಖ ಬಿಳಿಚಿಕೊಂಡಿತು. ಕಾರ್ಖಾನೆಗೆ ಬೀಗ ಬಿದ್ದ ದಿನವೂ ನಾನು ಅವರ ಮುಖವನ್ನು ಹಾಗೆ ನೋಡಿರಲಿಲ್ಲ.

ಆಗ ಅವಳು ಬಗ್ಗಿ ನೋಡಿ, ಮನಸಾರೆ ಸಂತೋಷಪಟ್ಟು, ಅಂದಳು: "ಈಗ ನೋಡಿ! ಈಗ ಎಷ್ಟು ಮುದ್ದಾಗಿದೆ. ಕೈಯಲ್ಲಿ ಮಾಡಿದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ. ಇರಿ ಆಂಟಿ, ಒಂದು ಫೋಟೋ ತಗೊಂಡು ಹಾಕ್ತೀನಿ, ಎಲ್ಲರಿಗೂ ಗೊತ್ತಾಗಲಿ."

"ತೆಗೀಬೇಡ!"

ಅಷ್ಟು ದೊಡ್ಡ ದನಿ ಅತ್ತಿಗೆಯೊಳಗೆ ಇತ್ತು ಅಂತ ನನಗೆ ಗೊತ್ತಿರಲಿಲ್ಲ. ಚಾಪೆಯ ಮೇಲಿದ್ದ ಮಗು ಬೆಚ್ಚಿ ಅಳತೊಡಗಿತು, ಅದನ್ನು ನೋಡಿ ಸೊಂಟದ ಮೇಲಿದ್ದದ್ದೂ ಶುರುಮಾಡಿತು. ಅತ್ತಿಗೆ ಮೊಲವನ್ನು ಮಡಿಲಿಗೆ ಒತ್ತಿ ಹಿಡಿದರು. "ಇದು ನನ್ನ ಕೈಯಲ್ಲ ಕಣಮ್ಮ. ಇದನ್ನ ನನ್ನ ಕೈ ಅಂತ ಎಲ್ಲೂ ಹಾಕಬೇಡ. ನಿನ್ನ ಕಾಲಿಗೆ ಬೀಳ್ತೀನಿ."

ಅವಳು ಫೋನು ಕೆಳಗಿಟ್ಟಳು. ಏನು ತಪ್ಪು ಮಾಡಿದೆ ಅಂತ ಅವಳಿಗೆ ತಿಳಿಯಲಿಲ್ಲ, ಪಾಪ. ಅವಳಿಗೆ ತಿಳಿಯದಿರುವುದೇ ನನ್ನ ಮೈ ಉರಿಸಿತು. ಒಳ್ಳೆಯ ಹೆಂಗಸು. ಬೈಯಲು ಒಂದು ಕಾರಣವನ್ನೂ ಉಳಿಸದ ಹಾಗೆ ಒಳ್ಳೆಯವಳು.

"ಅಳತೆ ಪಟ್ಟಿ ಇದೆಯಾ?" ಅಂತ ಕೇಳಿದರು ಅತ್ತಿಗೆ. ಅವಳು ಮಕ್ಕಳ ಪೆಟ್ಟಿಗೆಯಿಂದ ಒಂದು ಪ್ಲಾಸ್ಟಿಕ್ ಸ್ಕೇಲು, ಒಂದು ಬಣ್ಣದ ಪೆನ್ಸಿಲು ಹುಡುಕಿ ಕೊಟ್ಟಳು. ಮೊದಲ ದಿನ ಕೆಲಸಕ್ಕೆ ಸೇರಿದ ಹುಡುಗಿಯರು ಮಾಡುವ ಹಾಗೆ ಅತ್ತಿಗೆ ಮೂಗಿನಿಂದ ಎರಡೂ ಕಡೆ ಅಳೆದು ಚುಕ್ಕಿ ಇಟ್ಟುಕೊಂಡರು. ಚುಕ್ಕಿಯ ಮೇಲೆ ಒಂದೊಂದೇ ಹೊಲಿಗೆ ಹಾಕಿದರು. ಎರಡು ಮೊಲಕ್ಕೂ ಮಾಡಿದರು. ಕಿವಿ ನೆಟ್ಟಗೆ ಮಾಡಿದರು. ಎರಡು ಮಕ್ಕಳ ಕೈಗೂ ಕೊಟ್ಟು, ಅವುಗಳ ಕೆನ್ನೆ ಒರೆಸಿ, ಎದ್ದರು. ನೀರು ಕುಡಿದು ಹೋಗಿ ಅಂದಳು ಅವಳು. ಅದಕ್ಕೂ ನಿಲ್ಲಲಿಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ಅತ್ತಿಗೆ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಮಗಳ ಫೋನು ಬಂತು. ಆ ಹೆಂಗಸು ಹಳೆಯ ರಿವ್ಯೂ ತೆಗೆದು ಹೊಸದು ಬರೆದಿದ್ದಾಳಂತೆ, ನಾನೇ ಕಣ್ಣಾರೆ ನೋಡಿದೆ, ಆ ಅಮ್ಮ ಇದ್ದಾರೆ ಅಂತ. ಮಳಿಗೆಯವರಿಗೂ ಹೇಳಿದ್ದಾಳಂತೆ. ಅಂಗಡಿ ತೆರೆದಿದೆಯಂತೆ. ಆಗಲೇ ಆರ್ಡರು ಬರುತ್ತಿವೆಯಂತೆ, ಎಲ್ಲರಿಗೂ ಸೊಟ್ಟ ಮೊಲವೇ ಬೇಕಂತೆ. ಮಗಳು ಸಂತೋಷಕ್ಕೆ ಕಿರುಚುತ್ತಿದ್ದದ್ದು ಪಕ್ಕದ ಸೀಟಿನವರಿಗೂ ಕೇಳುತ್ತಿತ್ತು.

"ಅಂಗಡಿ ಮುಚ್ಚು" ಅಂದರು ಅತ್ತಿಗೆ.

"ಅಮ್ಮ?"

"ಮುಚ್ಚು ಅಂದೆನಲ್ಲ."

ಮುಚ್ಚಿದ್ದಾಳೆ. ಸದ್ಯಕ್ಕೆ ಆರ್ಡರು ತೆಗೆದುಕೊಳ್ಳುತ್ತಿಲ್ಲ ಅಂತ ಹಾಕಿದ್ದಾಳೆ. ಜನ ಕೇಳುತ್ತಲೇ ಇದ್ದಾರೆ, ಅಮ್ಮನಿಗೆ ಹುಷಾರಿಲ್ಲವಾ ಅಂತ. ನಾನೇ ಉತ್ತರ ಬರೆಯುತ್ತೇನೆ ಅಂದೆ, ಮಗಳು ಫೋನು ಕೊಡಲಿಲ್ಲ. ಕೊಡದಿದ್ದದ್ದು ಒಳ್ಳೆಯದೇ ಆಯಿತು.

ಮೇಜಿನ ಮೇಲಿದ್ದ ಬಟ್ಟೆಯೆಲ್ಲ ಚೀಲ ಸೇರಿದೆ. ಈಗ ನಾವು ತಟ್ಟೆಯನ್ನು ಮೇಜಿನ ಮೇಲಿಟ್ಟುಕೊಂಡೇ ಊಟ ಮಾಡುತ್ತೇವೆ. ಊಟವಾದ ಮೇಲೆ ಅತ್ತಿಗೆ ಒಂದು ಬಿಳಿಯ ಬಟ್ಟೆಯ ತುಂಡು ಹರಡಿಕೊಂಡು ಕೂರುತ್ತಾರೆ. ಮೊಲವಿಲ್ಲ, ಕಿವಿಯಿಲ್ಲ. ಬರೀ ಕಣ್ಣು, ಎರಡೆರಡು. ಮೊದಮೊದಲು ಸ್ಕೇಲಿಟ್ಟು ಅಳೆದು ಹೊಲಿಯುತ್ತಿದ್ದರು, ಈಗ ಅಳೆಯದೆ ಹೊಲಿದು ಆಮೇಲೆ ಅಳೆಯುತ್ತಾರೆ. ಆ ಬಟ್ಟೆಯ ತುಂಬ ಕಣ್ಣುಗಳು ನಮ್ಮನ್ನೇ ನೋಡುತ್ತಿರುತ್ತವೆ. ಅಣ್ಣ ಆ ಮೇಜಿನ ಕಡೆ ಬೆನ್ನು ಮಾಡಿ ಪೇಪರ್ ಓದುತ್ತಾನೆ.

ನಿನ್ನೆ ನಾನು ಎದುರಿಗೆ ಕೂತು ಕೇಳಿದೆ, "ಹೇಗಿದೆ ಅತ್ತಿಗೆ, ಬಂತಾ?"

ಈಗಷ್ಟೇ ಹೊಲಿದ ಜೋಡಿಯನ್ನು ಬೆಳಕಿಗೆ ಎತ್ತಿ ತೋರಿಸಿದರು. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಹತ್ತಿರ ಹಿಡಿದು ನೋಡಿದೆ, ದೂರ ಹಿಡಿದು ನೋಡಿದೆ. ನನಗೆ ಎಳ್ಳಷ್ಟೂ ವ್ಯತ್ಯಾಸ ಕಾಣಲಿಲ್ಲ.

"ಸರಿಯಾಗಿದೆಯಲ್ಲ!" ಅಂದೆ.

"ಎಡಗಡೇದು ಇನ್ನೂ ಕೆಳಗೇ ಬರ್ತಿದೆ" ಅಂದರು ಅತ್ತಿಗೆ, ಕತ್ತರಿ ತೆಗೆದುಕೊಂಡರು.